ಕಿವಿ ಇಲ್ಲಿ, ಬೆರಳು ಅಲ್ಲಿ

ಕಳೆದ ತಿಂಗಳು ನಮ್ಮ ಮದ್ರಸಕ್ಕೆ ಮುಫತ್ತಿಶ್ ಬಂದಿದ್ದರು. ಐದನೇ ತರಗತಿಯ ಒಬ್ಬ ಹುಡುಗನನ್ನು ಎಬ್ಬಿಸಿ ಓದಿಸಿದರು. ಹುಡುಗನ ಸ್ವರ ಒಳ್ಳೆಯದು, ಚಂದ ಓದುತ್ತಾ ಹೋದ. ಮಧ್ಯದಲ್ಲಿ ಒಂದು ಆಯತ್ ಪೂರ್ತಿ ಬಿಟ್ಟು ಮುಂದಿನದಕ್ಕೆ ಹಾರಿದ. ಮುಫತ್ತಿಶ್ ತಡೆದು ಪುನಃ ಓದಿಸಿದರು. ಪುನಃ ಅದೇ ಜಾಗದಲ್ಲಿ ಹಾರಿದ. ಮೂರನೇ ಸಲವೂ ಹಾಗೆಯೇ ಆದಾಗ, “ಹೀಗೆ ಕಲಿಸಿದ್ದು ಯಾರು ಮೋನೇ?” ಎಂದು ಕೇಳಿದರು. ಹುಡುಗ ನಮ್ಮನ್ನು ನೋಡಿ ಮೆಲ್ಲಗೆ ಹೇಳಿದ: “ಉಸ್ತಾದ್ ಸರಿ ಉಂಟು ಅಂತ ಹೇಳಿದ್ರು.”

ಹೇಳಿದ್ದು ಹೌದು. ಎರಡು ವಾರ ಹಿಂದೆ ಅವನು ಪಾಠ ಒಪ್ಪಿಸುವಾಗ ನಾವು ಪೋಷಕರ ವಾಟ್ಸಪ್ ಗ್ರೂಪಿನಲ್ಲಿ ರಜೆಯ ವಿಷಯಕ್ಕೆ ಉತ್ತರ ಬರೆಯುತ್ತಾ ಇದ್ದೆವು. ಕಿವಿ ಹುಡುಗನ ಕಡೆ, ಬೆರಳು ಫೋನಿನ ಕಡೆ. ಅವನು ಮುಗಿಸಿದ ಕೂಡಲೇ “ಸರಿ, ಕೂತ್ಕೋ” ಅಂದೆವು. ಹುಡುಗ ಮನೆಗೆ ಹೋಗಿ ಅದನ್ನೇ ಇಪ್ಪತ್ತು ಸಲ ಓದಿ ಗಟ್ಟಿ ಮಾಡಿಕೊಂಡ. ತಪ್ಪನ್ನು ಶ್ರದ್ಧೆಯಿಂದ ಕಲಿತ ಮಗುವಿನ ಮುಖ ನೋಡಿದರೆ ಉಸ್ತಾದರಿಗೆ ತಲೆ ಎತ್ತಲಿಕ್ಕೆ ಆಗುವುದಿಲ್ಲ. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ನಮಗೆ ಕಾಡಿದ ಪ್ರಶ್ನೆ ಇದು. ನಾವು ಕೇಳಿಯೇ ಇರಲಿಲ್ಲ ಎಂದೇನೂ ಅಲ್ಲ. ಹುಡುಗನ ಸ್ವರ ಏರಿದ್ದು, ಇಳಿದದ್ದು, ನಿಲ್ಲಿಸಿದ್ದು ಎಲ್ಲ ಕಿವಿಗೆ ಬಿದ್ದಿತ್ತು. ಹಾಗಾದರೆ ಒಂದು ಇಡೀ ಆಯತ್ ಹಾರಿಹೋದದ್ದು ಗೊತ್ತಾಗದೆ ಇದ್ದದ್ದು ಹೇಗೆ?

ಮನಃಶಾಸ್ತ್ರ ಓದಿದ ನಮ್ಮ ಒಬ್ಬ ಹಳೇ ವಿದ್ಯಾರ್ಥಿನಿಯಲ್ಲಿ ಕೇಳಿದೆವು. ಅವಳು ಕೆಲವು ಬರಹಗಳನ್ನು ಕೊಟ್ಟಳು, ಕೆಲವನ್ನು ಫೋನಿನಲ್ಲೇ ಬಿಡಿಸಿ ಹೇಳಿದಳು. (ಆಗ ಬೇರೆ ಕೆಲಸ ಇಟ್ಟುಕೊಳ್ಳಲಿಲ್ಲ, ಕೂತು ಕೇಳಿದೆವು.) ನಮ್ಮ ತಪ್ಪಿನ ಲೆಕ್ಕ ಎಪ್ಪತ್ತು ವರ್ಷದ ಹಿಂದೆಯೇ ಸಿಕ್ಕಿದೆ ಎಂದು ಆಗ ಗೊತ್ತಾಯಿತು. ಕಾಲಿನ್ ಚೆರ್ರಿ ಎಂಬ ಬ್ರಿಟಿಷ್ ವಿಜ್ಞಾನಿ 1953ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಹೆಡ್‌ಫೋನ್ ಹಾಕಿ ಎಡಗಿವಿಗೆ ಒಂದು ಮಾತು, ಬಲಗಿವಿಗೆ ಇನ್ನೊಂದು ಮಾತು ಕೇಳಿಸುವುದು; ಒಂದು ಕಿವಿಯದ್ದನ್ನು ಮಾತ್ರ ಕೇಳಿದ ಹಾಗೇ ಬಾಯಿಬಿಟ್ಟು ಹೇಳುತ್ತಾ ಹೋಗಬೇಕು. ಕೊನೆಗೆ, ಇನ್ನೊಂದು ಕಿವಿಯಲ್ಲಿ ಎಂತ ಕೇಳಿಸಿತು ಎಂದು ವಿಚಾರಿಸಿದರೆ ಅವರಿಗೆ ಅದು ಗೊತ್ತೇ ಇಲ್ಲ. ಮಧ್ಯದಲ್ಲಿ ಇಂಗ್ಲಿಷ್ ಬಿಟ್ಟು ಜರ್ಮನ್ ಭಾಷೆ ಹಾಕಿದ್ದೂ ತಿಳಿಯಲಿಲ್ಲ. ಗಂಡಸಿನ ಸ್ವರ ಹೋಗಿ ಹೆಂಗಸಿನ ಸ್ವರ ಬಂದದ್ದು ಮಾತ್ರ ಗೊತ್ತಾಗಿತ್ತು. ಅಂದರೆ ಗಮನ ಇಲ್ಲದ ಕಿವಿಗೆ ಸ್ವರ ಮುಟ್ಟುತ್ತದೆ, ಮಾತು ಮುಟ್ಟುವುದಿಲ್ಲ. ನಮಗೆ ಆದದ್ದೂ ಇದೇ. ಹುಡುಗನ ರಾಗ ಸರಿ ಇತ್ತು, ರಾಗಕ್ಕೆ ನಾವು “ಸರಿ” ಅಂದೆವು.

ನೆವಿಲ್ ಮೊರೆ ಎಂಬವರು 1959ರಲ್ಲಿ ಇದಕ್ಕೆ ಇನ್ನೊಂದು ಸಂಗತಿ ಸೇರಿಸಿದರು. ಗಮನ ಕೊಡದ ಕಿವಿಯಲ್ಲಿ ಕೇಳುಗನ ಹೆಸರನ್ನೇ ಕರೆದರೆ, ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಕೇಳಿಸುತ್ತದೆ. ಮೂವರಲ್ಲಿ ಒಬ್ಬರಿಗೆ ಮಾತ್ರ! ಮನೆಯಲ್ಲಿ ಫೋನು ಹಿಡಿದು ಕೂತ ಮಗನನ್ನು ನಾಲ್ಕು ಸಲ ಕರೆದರೂ ಓ ಅನ್ನುವುದಿಲ್ಲ, ಅಹಂಕಾರ ಅಂತ ನಮ್ಮ ಉಮ್ಮಂದಿರು ಮದ್ರಸದವರೆಗೆ ದೂರು ತರುತ್ತಾರೆ. ಕೆಲವು ಸಲ ಅದು ಅಹಂಕಾರವೇ ಇರಬಹುದು, ನಾವು ಇಲ್ಲ ಅನ್ನುವುದಿಲ್ಲ. ಆದರೆ ಹೆಚ್ಚಿನ ಸಲ ಆ ಮಗುವಿಗೆ ನಿಜವಾಗಿಯೂ ಕೇಳಿಸಿರುವುದಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಿ ಕರೆದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಇಲ್ಲಿ ನಮ್ಮ ಉಮ್ಮನ ನೆನಪಾಗುತ್ತದೆ. ನಮ್ಮೂರಿನ ಎಷ್ಟೋ ಮನೆಗಳ ಹಾಗೆ ನಮ್ಮ ಮನೆಯೂ ನಡೆದದ್ದು ಬೀಡಿಯಲ್ಲಿ. ಉಮ್ಮ ಮಡಿಲಲ್ಲಿ ತಡ್ಪೆ ಇಟ್ಟು ಕೂತರೆ ಎಲೆ ಕತ್ತರಿಸುವುದು, ಹೊಗೆಸೊಪ್ಪು ಹಾಕುವುದು, ಸುರುಟುವುದು, ನೂಲು ಸುತ್ತುವುದು ಎಲ್ಲ ತನ್ನಿಂದ ತಾನೇ ಆಗುತ್ತಿತ್ತು. ಎದುರಿಗೆ ನಾವು ಮಗ್ಗಿ ಹೇಳಬೇಕು. ಏಳೆಂಟ್ಲಿಗೆ ಐವತ್ತನಾಲ್ಕು ಅಂದ ಕೂಡಲೇ ತಲೆ ಎತ್ತದೆ “ಎಷ್ಟು?” ಅನ್ನುತ್ತಿದ್ದರು. ಶಾಲೆಗೆ ಸರಿಯಾಗಿ ಹೋಗದ ಉಮ್ಮ, ಎರಡು ಕೈಯಲ್ಲೂ ಕೆಲಸ ಇಟ್ಟುಕೊಂಡು ನಮ್ಮ ತಪ್ಪು ಹಿಡಿಯುತ್ತಿದ್ದರು. ಪಿಯುಸಿ ಓದಿ, ಕಿತಾಬು ಓದಿ ಉಸ್ತಾದರಾದ ನಮಗೆ ಒಂದೇ ಫೋನು ಹಿಡಿದುಕೊಂಡು ಅದು ಆಗಲಿಲ್ಲ. ಯಾಕೆ?

ಉಮ್ಮನೇ ಉತ್ತರ ಹೇಳಿದ್ದರು, ನಮಗೆ ಅರ್ಥವಾದದ್ದು ಈಗ. ಕಟ್ಟಿದ ಬೀಡಿಯನ್ನು ಇಪ್ಪತ್ತೈದರ ಕಟ್ಟು ಮಾಡಲು ಎಣಿಸುವಾಗ ನಾವು ಮಗ್ಗಿ ಶುರು ಮಾಡಿದರೆ ಕೈ ಎತ್ತಿ “ಮಿಂಡಾದೆ ಕೂತ್ಕೊ” ಅನ್ನುತ್ತಿದ್ದರು. ಸುರುಟುವಾಗ ನಡೆಯುತ್ತಿದ್ದ ಮಾತು ಎಣಿಸುವಾಗ ನಡೆಯುತ್ತಿರಲಿಲ್ಲ. ಸುರುಟುವುದು ಬೆರಳಿನ ಕೆಲಸ, ಮಗ್ಗಿ ಕೇಳುವುದು ಮಾತಿನ ಕೆಲಸ. ಎರಡಕ್ಕೂ ದಾರಿ ಬೇರೆ. ಎಣಿಸುವುದು ಮನಸ್ಸಿನೊಳಗೇ ಮಾತಾಡುವ ಕೆಲಸ, ಹಾಗಾಗಿ ಮಗ್ಗಿಯೂ ಎಣಿಕೆಯೂ ಒಂದೇ ಓಣಿಯಲ್ಲಿ ಎದುರುಬದುರಾಗುತ್ತವೆ. ಕ್ರಿಸ್ಟೊಫರ್ ವಿಕೆನ್ಸ್ ಎಂಬ ಅಮೆರಿಕದ ಸಂಶೋಧಕರು 1980ರ ದಶಕದಲ್ಲಿ ಇದನ್ನು ಸಿದ್ಧಾಂತ ಮಾಡಿ ಬರೆದಿದ್ದಾರೆ. ಗಮನ ಎನ್ನುವುದು ಒಂದೇ ಒಂದು ಕೊಡದ ನೀರಲ್ಲ. ಕಣ್ಣಿಗೆ, ಕಿವಿಗೆ, ಮಾತಿಗೆ, ಕೈಗೆ ಬೇರೆ ಬೇರೆ ಪಾಲು ಇರುತ್ತದೆ. ಎರಡು ಕೆಲಸವೂ ಒಂದೇ ಪಾಲಿಗೆ ಕೈ ಹಾಕಿದರೆ ಎರಡೂ ಕೆಡುತ್ತವೆ. ವಾಟ್ಸಪ್ ಬರೆಯುವುದು ಮಾತಿನ ಕೆಲಸ. ಓದು ಕೇಳುವುದೂ ಮಾತಿನ ಕೆಲಸ. ನಾವು ಬೀಡಿ ಸುರುಟುತ್ತಾ ಕೇಳಿದ್ದರೆ ಆ ಹುಡುಗನ ತಪ್ಪು ಸಿಗುತ್ತಿತ್ತೋ ಏನೋ.

ಇನ್ನೂ ಒಂದು ಉಂಟು. ಸುರುಟುವುದು ಉಮ್ಮನಿಗೆ ಹತ್ತಿಪ್ಪತ್ತು ವರ್ಷದ ಅಭ್ಯಾಸ. ಹೊಸತಾಗಿ ಕಲಿಯುವ ಹುಡುಗಿ ಎಲೆ ಹರಿಯುತ್ತದೆಂದು ಉಸಿರು ಬಿಗಿಹಿಡಿದು ಕೂರುತ್ತಾಳೆ, ಅವಳಿಂದ ಮಗ್ಗಿ ಕೇಳಲಿಕ್ಕಾಗುವುದಿಲ್ಲ. ಅಭ್ಯಾಸವಾದ ಕೆಲಸ ಗಮನವನ್ನು ಹೆಚ್ಚು ಕೇಳುವುದಿಲ್ಲ. 1976ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಕತೆ ಓದುತ್ತಾ ಓದುತ್ತಾ, ಬೇರೆಯವರು ಹೇಳಿದ ಪದಗಳನ್ನು ಬರೆಯುವ ತರಬೇತಿ ಕೊಟ್ಟರು. ಮೊದಮೊದಲು ಓದು ನಿಧಾನ, ಅಕ್ಷರ ಸೊಟ್ಟ. ವಾರಕ್ಕೆ ಐದು ಗಂಟೆಯ ಹಾಗೆ ಸುಮಾರು ಆರು ವಾರ ಕಳೆದಾಗ ಓದಿನ ವೇಗ ಮೊದಲಿನ ಹಾಗೆ ಆಯಿತು, ಓದಿದ್ದು ಅರ್ಥವೂ ಆಗುತ್ತಿತ್ತು. ಆದರೆ ಆ ಹಂತದಲ್ಲಿ, ತಮ್ಮ ಕೈಯಾರೆ ಬರೆದ ಪದಗಳಲ್ಲಿ ಹೆಚ್ಚಿನವು ಅವರ ನೆನಪಿನಲ್ಲೇ ಇರಲಿಲ್ಲ. ಮುಂದೆ ಇನ್ನಷ್ಟು ತರಬೇತಿ ಕೊಟ್ಟ ಮೇಲೆಯೇ ಬರೆದದ್ದರ ಅರ್ಥ ಹಿಡಿಯಲು ಬಂತು. ಆದೀತು, ಆದರೆ ಅದೇ ಎರಡು ಕೆಲಸವನ್ನು ತಿಂಗಳುಗಟ್ಟಲೆ ಜೊತೆಯಾಗಿಯೇ ಅಭ್ಯಾಸ ಮಾಡಿದರೆ ಆದೀತು. ನಮ್ಮ ಮಕ್ಕಳು ರೀಲ್ಸ್ ನೋಡಿಕೊಂಡು ಗಣಿತ ಮಾಡುತ್ತೇವೆ ಅನ್ನುವುದು ಈ ಲೆಕ್ಕಕ್ಕೆ ಬರುವುದಿಲ್ಲ. ರೀಲ್ಸು ಪ್ರತಿ ಅರ್ಧ ನಿಮಿಷಕ್ಕೆ ಹೊಸತು, ಗಣಿತವೂ ಪ್ರತಿ ಲೆಕ್ಕಕ್ಕೆ ಹೊಸತು. ಎರಡರಲ್ಲಿ ಯಾವುದೂ ಬೀಡಿ ಸುರುಟಿದ ಹಾಗೆ ಕೈಗೆ ಕೂರುವ ಕೆಲಸ ಅಲ್ಲ.

“ಅಷ್ಟಾವಧಾನ ಮಾಡುವವರು ಎಂಟು ಕೆಲಸ ಒಟ್ಟಿಗೆ ಮಾಡುವುದಿಲ್ವಾ ಉಸ್ತಾದ್?” ಎಂದು ನಮ್ಮ ಪಿಯುಸಿ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಶತಾವಧಾನಿ ಆರ್. ಗಣೇಶ್ ಅವರ ಅವಧಾನದ ವಿಡಿಯೋ ಇಬ್ಬರೂ ಕೂತು ನೋಡಿದೆವು. ಎಂಟು ಮಂದಿ ಪ್ರಶ್ನೆ ಕೇಳುವವರು, ಮಧ್ಯೆ ಒಬ್ಬ ಗಂಟೆ ಬಡಿಯುತ್ತಾನೆ, ಇನ್ನೊಬ್ಬ ಬೇಕೆಂದೇ ಅಡ್ಡ ಮಾತಾಡುತ್ತಾನೆ. ಆದರೆ ನೋಡಿ, ಅವಧಾನಿ ಒಬ್ಬರಿಗೆ ಪದ್ಯದ ಒಂದು ಸಾಲು ಹೇಳಿ ಮುಗಿಸಿ, ಆಮೇಲೆ ಇನ್ನೊಬ್ಬರ ಕಡೆ ತಿರುಗುತ್ತಾರೆ. ಸುತ್ತು ಬಂದು ಪುನಃ ಮೊದಲಿನವರಿಗೆ ಎರಡನೇ ಸಾಲು. ಅಲ್ಲಿನ ಅಚ್ಚರಿ ಬಿಟ್ಟ ಸಾಲನ್ನು ನೆನಪಿಟ್ಟುಕೊಂಡು ಅದೇ ಜಾಗಕ್ಕೆ ಮರಳುವುದರಲ್ಲಿ ಉಂಟು. ಅದಕ್ಕೆ ಹಿಂದೆ ಎಷ್ಟು ವರ್ಷದ ಓದು ಬೇಕು! ನಾವು ಫೋನಿನಿಂದ ಪಾಠಕ್ಕೆ ಮರಳುವಾಗ ಬಿಟ್ಟ ಜಾಗ ಯಾವುದೆಂದೇ ಗೊತ್ತಿರುವುದಿಲ್ಲ.

ನಮ್ಮಲ್ಲಿ ಬೇರೂರಿದ ಒಂದು ಮಾತಿದೆ: ಹೆಂಗಸರಿಗೆ ನಾಲ್ಕು ಕೆಲಸ ಒಟ್ಟಿಗೆ ಮಾಡುವ ಶಕ್ತಿ ಹುಟ್ಟಿನಿಂದಲೇ ಉಂಟು, ಗಂಡಸರಿಗೆ ಇಲ್ಲ. ಗಂಡಸರು ಇದನ್ನು ಹೊಗಳಿಕೆಯ ಹಾಗೆ ಹೇಳುತ್ತಾರೆ, ಹೇಳಿ ಪತ್ರಿಕೆ ಓದುತ್ತಾ ಕೂರುತ್ತಾರೆ. ಜರ್ಮನಿಯಲ್ಲಿ 2019ರಲ್ಲಿ 48 ಗಂಡಸರು, 48 ಹೆಂಗಸರನ್ನು ಕೂರಿಸಿ ಎರಡು ಕೆಲಸ ಒಟ್ಟಿಗೆ ಮಾಡಿಸಿ ನೋಡಿದರು. ಇಬ್ಬರೂ ಒಂದೇ ರೀತಿ ನಿಧಾನವಾದರು, ಒಂದೇ ರೀತಿ ತಪ್ಪು ಮಾಡಿದರು. ಹಾಗಾದರೆ ಸಂಜೆ ಏಳು ಗಂಟೆಗೆ ನಮ್ಮ ಮನೆಗಳ ಅಡುಗೆಕೋಣೆಯಲ್ಲಿ ನಡೆಯುವುದು ಎಂತ? ಒಲೆ ಮೇಲೆ ಎಣ್ಣೆ ಕಾದಿರುತ್ತದೆ, ಕಾಲ ಬಳಿ ಸಣ್ಣ ಮಗು, ಹೊರಗೆ ದೊಡ್ಡವನ ಹೋಂವರ್ಕ್. ಅಷ್ಟರಲ್ಲಿ ದುಬೈಯಿಂದ ವಿಡಿಯೋ ಕಾಲ್. ಅಲ್ಲಿ ಐದೂವರೆ, ಅವನಿಗೆ ಡ್ಯೂಟಿ ಮುಗಿದ ಹೊತ್ತು. ಅವನಿಗೂ ಮನೆಯ ಮುಖ ನೋಡುವ ಆಸೆ, ಅದು ತಪ್ಪಲ್ಲ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟು ಅವಳು ಮಾತಾಡುತ್ತಾಳೆ. ಅವಳದ್ದು ಹುಟ್ಟಿನ ಶಕ್ತಿ ಅಲ್ಲ, ಅವಳಿಗೆ ಬೇರೆ ದಾರಿ ಇಲ್ಲ. ಒಂದು ಗಂಟೆ ತಡವಾಗಿ ಫೋನ್ ಮಾಡುತ್ತೇನೆ ಎಂದು ಗಂಡ ಹೇಳಿದರೆ, ಅಥವಾ ಮನೆಯಲ್ಲಿರುವ ಮೈದುನ ಎದ್ದು ಮಗುವನ್ನು ಎತ್ತಿಕೊಂಡರೆ, ಅದು ದೊಡ್ಡ ಉಪಕಾರವೇನೂ ಅಲ್ಲ.

ಫೋನಿನ ಆಚೆ ಇರುವವನಿಗೆ ಇಲ್ಲಿನ ಎಣ್ಣೆ ಕಾಣುವುದಿಲ್ಲ, ವಿಷಯ ಇರುವುದು ಇಲ್ಲಿಯೇ. ರಸ್ತೆಗೂ ಇದೇ ಅನ್ವಯ. ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಇದರ ಮೇಲೆ ತುಂಬಾ ವರ್ಷ ಕೆಲಸ ಮಾಡಿದ್ದಾರೆ. 2001ರ ಅವರ ಪ್ರಯೋಗದಲ್ಲಿ, ಫೋನಿನಲ್ಲಿ ಮಾತಾಡುತ್ತಾ ವಾಹನ ಓಡಿಸುವಂಥ ಕೆಲಸ ಮಾಡಿದವರು ಕೆಂಪು ದೀಪದ ಸಂಜ್ಞೆಯನ್ನು ಎರಡು ಪಟ್ಟು ಹೆಚ್ಚು ಸಲ ತಪ್ಪಿಸಿಕೊಂಡರು. ಫೋನು ಕೈಯಲ್ಲಿದ್ದರೂ ಅಷ್ಟೇ, ಕಿವಿಗೆ ಸಿಕ್ಕಿಸಿದ್ದರೂ ಅಷ್ಟೇ. ರೇಡಿಯೋ ಕೇಳಿದವರಿಗೆ ಹಾಗೆ ಆಗಲಿಲ್ಲ. ರೇಡಿಯೋಗೆ ಉತ್ತರ ಕೊಡಬೇಕಾಗಿಲ್ಲವಲ್ಲ. 2008ರಲ್ಲಿ ಪಕ್ಕದ ಸೀಟಿನವರೊಂದಿಗೆ ಮಾತಾಡುವುದನ್ನೂ ಅವರು ಪರೀಕ್ಷಿಸಿದರು. ಫೋನಿನಲ್ಲಿ ಮಾತಾಡಿದವರು ಇಳಿಯಬೇಕಾದ ದಾರಿ ದಾಟಿ ಹೋಗುವುದು ಹೆಚ್ಚು, ಪಕ್ಕದವರೊಂದಿಗೆ ಮಾತಾಡಿದವರು ಕಡಿಮೆ. ಪಕ್ಕದಲ್ಲಿ ಕೂತವನಿಗೆ ರಸ್ತೆ ಕಾಣುತ್ತದೆ. ಲಾರಿ ಬಂದರೆ ಅವನೂ ಬಾಯಿ ಮುಚ್ಚುತ್ತಾನೆ. ದಮ್ಮಾಮಿನಲ್ಲಿ ಕೂತ ಅಣ್ಣನಿಗೆ ನಂತೂರಿನ ಸರ್ಕಲ್ ಕಾಣುವುದಿಲ್ಲ, ಅವನು ಮಾತು ನಿಲ್ಲಿಸುವುದಿಲ್ಲ.

ನಮ್ಮ ಹುಡುಗರು ಹೆಲ್ಮೆಟಿನೊಳಗೆ ಫೋನು ತುರುಕಿಕೊಂಡು ಹೈವೇಯಲ್ಲಿ ಹೋಗುವುದನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಕೈ ಎರಡೂ ಹ್ಯಾಂಡಲಿನಲ್ಲೇ ಉಂಟಲ್ಲಾ ಎಂದು ಅವರ ವಾದ. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ಗೆ 2019ರಲ್ಲಿ ತಿದ್ದುಪಡಿಯಾಗಿ, ಓಡಿಸುವಾಗ ಕೈಯಲ್ಲಿ ಫೋನು ಬಳಸುವುದೂ ಅಪಾಯಕಾರಿ ಚಾಲನೆಗೆ ಸೇರಿತು. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದ ಜೈಲು. ಆದರೆ ಕಾನೂನು ಹೆಸರಿಸಿದ್ದು ಕೈಯನ್ನು. ಪ್ರಯೋಗಗಳು ಹೇಳುವುದು ತಲೆಯ ಬಗ್ಗೆ. ಡೆಲಿವರಿ ಕೆಲಸದ ಹುಡುಗರಿಗೆ ಮಾತ್ರ ನಾವು ಸುಮ್ಮನೆ ಬೈಯಲಾರೆವು. ಅವರ ಅನ್ನವೇ ಆ ಫೋನಿನಲ್ಲಿ, ಗಿರಾಕಿ ಮೂರು ಸಲ ಕಾಲ್ ಮಾಡಿ “ಎಲ್ಲಿದ್ದೀ” ಅಂತ ಕೇಳುತ್ತಾನೆ. ಆ ಗಿರಾಕಿ ಎಷ್ಟೋ ಸಲ ನಾವೇ. ಬೈಕಿನಲ್ಲಿರುವ ಮಗನಿಗೆ “ಎಲ್ಲಿಗೆ ಮುಟ್ಟಿದೆ” ಎಂದು ಫೋನ್ ಮಾಡುವ ಉಮ್ಮಂದಿರೂ ಇದನ್ನು ಓದುತ್ತಿರಬಹುದು. ಎತ್ತದಿದ್ದರೆ ಹೆದರಿಕೆ, ಎತ್ತಿದರೆ ಅಪಾಯ. ಹೊರಡುವ ಮೊದಲು ಹೇಳು, ಮುಟ್ಟಿದ ಮೇಲೆ ಹೇಳು, ಮಧ್ಯದಲ್ಲಿ ನಾನು ಮಾಡುವುದಿಲ್ಲ ಎಂದು ಒಂದು ಮಾತು ಮಾಡಿಕೊಳ್ಳಬಹುದು.

ಮನೆಯ ಹಿರಿಯರ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇದು ಹೆಚ್ಚಿನವರಿಗೆ ಗೊತ್ತಿಲ್ಲ. ನಡೆಯುವುದು ನಮಗೆ ಬೀಡಿ ಸುರುಟಿದ ಹಾಗೆ, ಯೋಚನೆ ಬೇಡ. ವಯಸ್ಸಾದವರಿಗೆ ಹಾಗಲ್ಲ, ನಡಿಗೆಗೂ ಅವರು ಗಮನ ಕೊಡಬೇಕಾಗುತ್ತದೆ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ವೃದ್ಧರ ವಸತಿಯಲ್ಲಿದ್ದ 58 ಮಂದಿಯ ಜೊತೆ ನಡೆಯುತ್ತಾ ಮಾತು ತೆಗೆದರು. 12 ಮಂದಿ ಉತ್ತರ ಕೊಡಲು ನಡಿಗೆ ನಿಲ್ಲಿಸಿದರು. ಮುಂದಿನ ಆರು ತಿಂಗಳಲ್ಲಿ ಆ 12 ಮಂದಿಯಲ್ಲಿ 10 ಮಂದಿ ಎಲ್ಲಾದರೂ ಬಿದ್ದಿದ್ದರು. ನಿಮ್ಮ ಮನೆಯ ಅಜ್ಜಿ ಮಾತಾಡಲು ನಿಂತುಬಿಡುತ್ತಾರೆ ಎಂದಾದರೆ ಅದನ್ನು ತಮಾಷೆ ಮಾಡಬೇಡಿ, ಅವರು ನಿಂತದ್ದು ಸರಿಯೇ. ಅವರು ವುಳೂ ಮಾಡಿ ಒದ್ದೆ ಕಾಲಲ್ಲಿ ಮೆಟ್ಟಿಲು ಇಳಿಯುತ್ತಿರುವಾಗ ಒಳಗಿನಿಂದ “ಅಜ್ಜೀ, ಕೀ ಎಲ್ಲಿಟ್ಟಿದ್ದೀರಿ?” ಎಂದು ಕೂಗಬೇಡಿ. ಅವರು ಇಳಿದು ಮುಗಿಸಲಿ. ಕೀ ಎಲ್ಲಿಗೂ ಹೋಗುವುದಿಲ್ಲ.

ಮನಸ್ಸು ಜಾರುವುದು ಮನುಷ್ಯನ ಗುಣ ಎನ್ನುವುದು ನಮ್ಮವರಿಗೆ ಹೊಸತಲ್ಲ. ನಮಾಝಿನಲ್ಲಿ ಮೂರೋ ನಾಲ್ಕೋ ಎಂದು ಸಂಶಯವಾಗದವರು ಯಾರಿದ್ದಾರೆ? ಊಟ ಬಡಿಸಿರುವಾಗ ಮೊದಲು ಊಟ ಮುಗಿಸಿ ಎಂದು ಕಲಿಸಿದ್ದೂ ಮನಸ್ಸು ಎರಡು ಕಡೆ ಎಳೆದಾಡಬಾರದು ಎಂದೇ. ಮರೆತವನಿಗೆ ಸಹ್‌ವಿನ ಸುಜೂದ್ ಇದೆ. ಹೈವೇಯಲ್ಲಿ ಮರೆತವನಿಗೆ ಅಂಥದ್ದೊಂದು ಇಲ್ಲ.

ಮುಫತ್ತಿಶ್ ಹೋದ ಮಾರನೇ ದಿನ ನಾವು ಆ ಹುಡುಗನನ್ನು ಕರೆದು, “ತಪ್ಪು ನಿನ್ನದಲ್ಲ, ನಮ್ಮದು” ಎಂದು ತರಗತಿಯ ಎದುರೇ ಹೇಳಿದೆವು. ಹೇಳಲು ಕಷ್ಟವಾಯಿತು. ಗಟ್ಟಿಯಾದ ತಪ್ಪನ್ನು ಅಳಿಸುವುದು ಹೊಸತು ಕಲಿಸುವುದಕ್ಕಿಂತ ಕಷ್ಟ, ಇದು ಕಲಿಸುವವರಿಗೆಲ್ಲ ಗೊತ್ತು. ಅವನಿಗೆ ಹನ್ನೊಂದು ದಿನ ಹಿಡಿಯಿತು. ಆ ಜಾಗಕ್ಕೆ ಬಂದರೆ ನಾಲಗೆ ಹಳೇ ದಾರಿಗೇ ಓಡುತ್ತಿತ್ತು, ಅವನು ತಡೆದು ನಿಲ್ಲುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ಆಮೇಲೆ ಬಿಟ್ಟ ಆಯತ್ ಓದುತ್ತಿದ್ದ.

ಗ್ರೂಪಿನಲ್ಲೂ ಒಂದು ಸಂದೇಶ ಹಾಕಿದೆವು: ಬೆಳಿಗ್ಗೆ ತರಗತಿ ನಡೆಯುವ ಹೊತ್ತಿನಲ್ಲಿ ಉಸ್ತಾದರ ಫೋನು ಕಪಾಟಿನಲ್ಲಿ ಇರುತ್ತದೆ, ತುರ್ತು ಇದ್ದರೆ ಮದ್ರಸಕ್ಕೇ ಬನ್ನಿ. ಒಂದಿಬ್ಬರಿಗೆ ಬೇಸರವಾಯಿತು. ಉಸ್ತಾದರಿಗೆ ಈಗ ದೊಡ್ಡಸ್ತಿಕೆ ಬಂದಿದೆ ಎಂದು ಒಬ್ಬರು ಅಂಗಡಿಯಲ್ಲಿ ಹೇಳಿದರಂತೆ. ಇನ್ನೊಬ್ಬರು ನಿಜವಾಗಿಯೂ ಬಂದರು, ಮಗ ಮರೆತ ಟಿಫಿನ್ ಬಾಕ್ಸ್ ಹಿಡಿದುಕೊಂಡು. ಬಾಗಿಲಲ್ಲಿ ನಿಂತು ಮಕ್ಕಳು ಓದುವುದನ್ನು ಹತ್ತು ನಿಮಿಷ ಕೇಳಿ ಹೋದರು. ಮಗ ಓದುವುದನ್ನು ತಾನು ಕೇಳಿದ್ದು ಇದೇ ಮೊದಲು ಅಂದರು.

ಆ ಐದನೇ ತರಗತಿಯ ಹುಡುಗ ಈಗಲೂ ಪಾಠ ಒಪ್ಪಿಸಲು ಎದ್ದರೆ ಮೊದಲು ನಮ್ಮ ಕೈ ಕಡೆ ಒಮ್ಮೆ ನೋಡುತ್ತಾನೆ. ಕೈ ಖಾಲಿ ಇದೆಯೆಂದು ಕಂಡ ಮೇಲೆಯೇ ಶುರು ಮಾಡುತ್ತಾನೆ.